ಜನತಾದಿಂದ ಸ್ವಿಸ್ ವಾಚಿಗೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ವಾಚು ಸಂಗ್ರಾಹಕರು ಎಚ್‌ಎಂಟಿಯಿಂದ ಲಕ್ಷಾಂತರ ರೂಪಾಯಿಯ ಸ್ವಿಸ್ ವಾಚಿಗೆ ಏರುವ ಮುನ್ನ ಬೆಲೆಗಿಂತ ಮೊದಲು ರಿಪೇರಿಯ ಬಗ್ಗೆ ಯೋಚಿಸಬೇಕು. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳು ಸಣ್ಣ ಊರಿನ ರಿಪೇರಿಗಾರರ ಕೈಗೂ ಪಳಗಿದವು. ಕೀಲಿ ಕೊಡುವ ‘ಜನತಾ’ವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕುವುದು ಅವರಿಗೆ ಸಲೀಸು. ದುಬಾರಿ ಮೆಕ್ಯಾನಿಕಲ್ ವಾಚಿನೊಳಗೂ ಇರುವುದು ಸ್ಪ್ರಿಂಗು, ಗಾಲಿಗಳೇ. ಆದರೆ ಕೆಲವು ವರ್ಷಕ್ಕೊಮ್ಮೆ ಅಧಿಕೃತ ಸರ್ವಿಸ್‌ಗೆ ಬೆಂಗಳೂರಿನಂಥ ನಗರಕ್ಕೇ ಕಳಿಸಬೇಕು, ಆ ಖರ್ಚಿನಲ್ಲಿ ಇಲ್ಲಿ ಒಳ್ಳೆಯ ಹಳೆಯ ವಾಚೇ ಸಿಕ್ಕೀತು.

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ 2016ರಲ್ಲೇ ತೀರ್ಮಾನಿಸಿತಲ್ಲ, ಬಿಡಿಭಾಗ ಎಲ್ಲಿಂದ ಎನ್ನಬಹುದು. ಆತಂಕ ನಿಜವೇ, ಸದ್ಯಕ್ಕೆ ಕೆಟ್ಟುಹೋದ ಹಳೆಯ ವಾಚುಗಳೇ ಬಿಡಿಭಾಗದ ಗಣಿ. ಸ್ವಿಸ್ ವಾಚಿನ ಬೆಲೆ ಏರುತ್ತಲೇ ಇರುತ್ತದೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ: ಏರುವುದು ಕೆಲವೇ ಮಾದರಿಗಳದ್ದು, ಉಳಿದವು ಮರುಮಾರಾಟದಲ್ಲಿ ಸೋಲುತ್ತವೆ.