ಗಾಜಿನ ಎಳೆಯಿಂದ ಮಣ್ಣಿನ ತೇವವನ್ನು ಅಳೆಯುವ ಕ್ರಮ

ಹೊಲದಲ್ಲಿ ಹದವಿದೆಯೇ ಎಂದು ತಿಳಿಯಲು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ನೋಡುವುದು ನಮ್ಮ ರೈತರ ರೂಢಿ. ಈ ಪರೀಕ್ಷೆಯು ಸರಿಯಾದುದೇ. ಆದರೆ ಅದು ಆ ಒಂದು ಹಿಡಿ ಮಣ್ಣಿನ ಸಂಗತಿಯನ್ನು ಮಾತ್ರ ತಿಳಿಸತಕ್ಕುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಕೆಂಪು ಭೂಮಿಯಲ್ಲಿ ದಿಣ್ಣೆಗೆ ಗರಸು, ತಗ್ಗಿಗೆ ಜೇಡಿ, ನಡುವೆ ಬಂಡೆ, ಇವು ಒಂದೇ ಸರ್ವೆ ನಂಬರಿನೊಳಗೆ ಇರುವುದುಂಟು. ಹಿಪ್ಪುನೇರಳೆ ತೋಟದ ಒಂದು ಮೂಲೆಯನ್ನು ನೋಡಿ ತೋಟಕ್ಕೆಲ್ಲ ಸಮನಾಗಿ ಕೊಳವೆ ಬಾವಿಯ ನೀರನ್ನು ಹಾಯಿಸಿದಲ್ಲಿ, ತಗ್ಗಿನ ಗಿಡಗಳ ಬುಡದಲ್ಲಿ ನೀರು ನಿಲ್ಲುವುದು, ದಿಣ್ಣೆಯ ಗಿಡಗಳ ಸೊಪ್ಪು ಬಾಡುವುದು.

ಈ ಕೊರತೆಯನ್ನು ನೀಗಲು ವಿಜ್ಞಾನಿಗಳು ಒಂದು ಉಪಾಯವನ್ನು ಕಂಡುಹಿಡಿದಿರುವರು. ಅದರ ಮೂಲವು 1928ರಲ್ಲಿ ಶ್ರೀ ಚಂದ್ರಶೇಖರ ವೆಂಕಟರಾಮನ್ನರು ಕಲ್ಕತ್ತೆಯಲ್ಲಿ ಪ್ರಕಟಪಡಿಸಿದ ರಾಮನ್ ಪರಿಣಾಮವು. ಇವರು 1933ರಲ್ಲಿ ಬೆಂಗಳೂರಿಗೆ ಬಂದು ಕಡೆಯವರೆಗೂ ಅಲ್ಲಿಯೇ ನೆಲೆಸಿದುದನ್ನು ವಾಚಕರು ಬಲ್ಲರು. ಗಾಜಿನೊಳಗೆ ಹಾಯುವ ಬೆಳಕಿನಲ್ಲಿ ಅತ್ಯಲ್ಪ ಭಾಗವು ಚದುರಿ ಬಣ್ಣವನ್ನು ಬದಲಿಸುತ್ತದೆ. ಕೆಲವಂಶ ಕೆಂಪಿನ ಕಡೆಗೂ ಕೆಲವಂಶ ನೀಲಿಯ ಕಡೆಗೂ ಸರಿಯುವುದು. ಗಾಜು ಬೆಚ್ಚಗಾದಷ್ಟೂ ನೀಲಿಯ ಕಡೆಗೆ ಸರಿದ ಅಂಶವು ಹೆಚ್ಚುವುದರಿಂದ, ಎರಡರ ಪ್ರಮಾಣವನ್ನು ಹೋಲಿಸಿ ಉಷ್ಣವನ್ನು ಅರಿಯಬಹುದು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಹಿಂದಿರುಗಿದ ಬೆಳಕು ಎಷ್ಟು ಹೊತ್ತಿಗೆ ಬಂದಿತೆಂಬುದನ್ನು ಎಣಿಸಿದರೆ ಅದು ಎಳೆಯ ಯಾವ ಮೊಳದಿಂದ ಬಂದುದೆಂಬುದು ಗೊತ್ತಾಗುವುದು. ಈ ಎಳೆಯು ದೂರವಾಣಿಗಾಗಿ ಊರೂರಿಗೆ ಹೂಳಿರುವ ಗಾಜಿನ ಕೇಬಲ್ಲಿನ ಜಾತಿಯದೇ.

ಉಷ್ಣವೊಂದರಿಂದಲೇ ತೇವವು ತಿಳಿಯದು. ಆದುದರಿಂದ ಎಳೆಯ ಮೇಲಿನ ಲೋಹದ ಹೊದಿಕೆಗೆ ಕೆಲವು ನಿಮಿಷ ವಿದ್ಯುತ್ತನ್ನು ಹಾಯಿಸಿ ಅದನ್ನು ಕಾಯಿಸುವರು. ಒಲೆಯಿಂದಿಳಿಸಿದ ಪಾತ್ರೆಯು ಒಣ ಮರಳಿಗಿಂತ ಒದ್ದೆ ಮರಳಿನ ಮೇಲೆ ಬೇಗ ಆರುವುದಷ್ಟೆ. ಅದರಂತೆಯೇ ಹಸಿಯಿರುವಲ್ಲಿ ಎಳೆಯು ಕಡಿಮೆ ಕಾಯುವುದು, ಒಣಗಿರುವಲ್ಲಿ ಹೆಚ್ಚು ಕಾಯುವುದು.

ಅಮೆರಿಕದ ಓಕ್ಲಹಾಮಾ ಸಂಸ್ಥಾನದ ಹುಲ್ಲುಗಾವಲಿನಲ್ಲಿ 5, 10, 15 ಸೆಂಟಿಮೀಟರು ಆಳಗಳಲ್ಲಿ ಎಳೆಯನ್ನು ಹೂಳಿ ಪರೀಕ್ಷಿಸಿರುವರು. ನಮ್ಮಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿದ್ವಾಂಸರೊಡಗೂಡಿ ರೈತರ ಹೊಲಗಳ ತೇವವನ್ನು ಬೇರೆ ಉಪಕರಣಗಳಿಂದ ಅಳೆದು ಉಪಗ್ರಹದ ಅಂದಾಜಿನೊಡನೆ ಹೋಲಿಸಿರುವರು. ಉಪಗ್ರಹವು ವಿಶಾಲ ಪ್ರದೇಶದ ಸರಾಸರಿಯನ್ನು ಹೇಳುವುದು, ಕೈಯು ಹಿಡಿಮಣ್ಣಿನದನ್ನು. ಇವೆರಡರ ನಡುವಣ ಲೆಕ್ಕವೇ ಬೇಸಾಯಗಾರನಿಗೆ ಬೇಕಾದುದು, ಅದನ್ನು ಒದಗಿಸಬಲ್ಲುದು ಈ ಎಳೆ.

ಇದರಲ್ಲಿ ತೊಡಕುಗಳೂ ಇವೆ. ಬೆಳಕನ್ನು ಅಳೆಯುವ ಯಂತ್ರವು ಬಹಳ ದುಬಾರಿ; ಒಬ್ಬ ರೈತನು ಕೊಳ್ಳುವಂಥದಲ್ಲ. ಮಣ್ಣಿನ ಜಾತಿಗೊಂದರಂತೆ ಮೊದಲು ತೂಕಮಾಡಿ ಒಣಗಿಸಿ ತಾಳೆ ನೋಡಬೇಕು. ಎಳೆಯ ಸುತ್ತ ಮಣ್ಣು ಸಡಿಲವಾಗಿದ್ದರೆ ಲೆಕ್ಕವು ತಪ್ಪುವುದು. ಇಲಿ ಹೆಗ್ಗಣಗಳ ಕಾಟ ಬೇರೆ. ರಾಗಿ ಹೊಲದಲ್ಲಿ ಪ್ರತಿವರ್ಷವೂ ನೇಗಿಲಿಗೆ ಸಿಕ್ಕುವ ಭಯವಿದೆ. ಹಿಪ್ಪುನೇರಳೆಯಾದರೋ ವರ್ಷಗಟ್ಟಲೆ ನಿಲ್ಲತಕ್ಕ ಬೆಳೆ. ಅದರ ಸಾಲಿನ ಬುಡದಲ್ಲಿ ಎಳೆಯು ಕ್ಷೇಮವಾಗಿರಬಹುದೆಂದು ನಮ್ಮ ಅಭಿಪ್ರಾಯ.

ಅಂತಹ ಅನುಕೂಲವು ದೊರೆಯುವವರೆಗೆ, ಮೋಟಾರನ್ನು ಹಾಕುವ ಮುನ್ನ ದಿಣ್ಣೆ, ನಡು, ತಗ್ಗು ಈ ಮೂರು ಕಡೆಗಳಲ್ಲಿಯೂ ಒಂದು ಗೇಣು ಆಳಕ್ಕೆ ಅಗೆದು ಮಣ್ಣನ್ನು ನೋಡತಕ್ಕುದು. ಹದವಿರುವ ಕಡೆಯ ಮಡಿಗಳಿಗೆ ಅಂದು ನೀರನ್ನು ಬಿಡಬೇಕಾಗಿಲ್ಲ.