ತೋಟದ ಮನೆಗೆ ಬಂದ ಪಿಸ್ತೂಲು

ಮಲೆನಾಡಿನ ಬೆಳೆಗಾರರ ಮನೆಗೆ ಕೋವಿ ಹೊಸದಲ್ಲ. ಅಜ್ಜನ ಕಾಲದ ಕೇಪಿನ ಕೋವಿಯೋ, ಅಪ್ಪ ಕೊಂಡ ಒಂಟಿ ನಳಿಗೆಯದೋ ಹಲವರ ಮನೆಯಲ್ಲಿದೆ. ಪಿಸ್ತೂಲು ಮಾತ್ರ ನಮಗೆ ಅಪರೂಪ. 2024-25ರ ಹಂಗಾಮಿನಲ್ಲಿ ಕಾಫಿ ಬೆಲೆ ಏರಿ, ಕಣದಲ್ಲಿ ಒಣಗಲು ಹಾಕಿದ ಫಸಲನ್ನು ಕಾಯುವುದೇ ಒಂದು ಕೆಲಸವಾದಾಗ, ಪಿಸ್ತೂಲು ಕೊಂಡರೆ ಹೇಗೆ ಎಂದು ನಮ್ಮ ಸಂಘದ ಕಚೇರಿಯಲ್ಲಿ ವಿಚಾರಿಸಿದ ಸದಸ್ಯರು ಕೆಲವರಿದ್ದಾರೆ. ನಾನು ಪರವಾನಗಿ ಪಡೆದು ಈಚೆಗೆ ಒಂದನ್ನು ಕೊಂಡಿದ್ದೇನೆ. ಈ ಕೆಲವು ತಿಂಗಳ ಅನುಭವವನ್ನು ಸದಸ್ಯ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ನನ್ನದು ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 'ಅಶನಿ'. .32 ಬೋರಿನದು, ಅಂದರೆ 7.65 ಮಿ.ಮೀ. ಗುಂಡು. 9 ಮಿ.ಮೀ., .38 ಮುಂತಾದವು ನಿಷಿದ್ಧ ಬೋರುಗಳಾದ್ದರಿಂದ ಸಾಮಾನ್ಯ ನಾಗರಿಕರಿಗೆ ಸಿಗುವಂಥವಲ್ಲ. ಪಿಸ್ತೂಲು ಒಂದು ಕಿಲೋಗಿಂತ ಕಡಿಮೆ ತೂಕದ್ದು. ಹಿಡಿ ಅಂಗೈಗೆ ಸರಿಯಾಗಿ ಕೂರುತ್ತದೆ. ಹೆಗಲಿಗೆ ಒದೆಯುವ ನಮ್ಮ ಹನ್ನೆರಡು ಬೋರಿನ ಕೋವಿಯ ಮುಂದೆ ಇದರ ಒದೆತ ಏನೂ ಅಲ್ಲ.

ಆದರೆ ಗುರಿಯ ಮಾತು ಬೇರೆ. ಕೋವಿಯಲ್ಲಿ ಚರೆ ಹರಡುತ್ತದೆ, ಉದ್ದನೆಯ ನಳಿಗೆ ಕಣ್ಣಿಗೆ ದಾರಿ ತೋರಿಸುತ್ತದೆ. ಇಲ್ಲಿ ಗುಂಡು ಒಂದೇ, ನಳಿಗೆಯೂ ಗೇಣಿಗಿಂತ ಗಿಡ್ಡ. ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎಲ್ಲಿಗೋ ಹೋಗುತ್ತದೆ. ಅಭ್ಯಾಸದ ರೇಂಜಿನಲ್ಲಿ ಹತ್ತು ಗಜದ ಹಲಗೆಗೆ ನೆಟ್ಟಗೆ ಬಿದ್ದ ಗುಂಡು ಇಪ್ಪತ್ತೈದು ಗಜಕ್ಕೆ ಚದುರಿತು. ಹಗಲು ಬೆಳಕಿನಲ್ಲಿ, ಸಾವಧಾನವಾಗಿ ನಿಂತು ಹೊಡೆದಾಗ ಹೀಗಾದರೆ, ನಡುರಾತ್ರಿಯಲ್ಲಿ ನಿದ್ದೆಯಿಂದೆದ್ದು ಹೊಡೆಯುವುದು ಹೇಗಿರುತ್ತದೆಂದು ಊಹಿಸಿಕೊಳ್ಳಿ. ತಪ್ಪಿದ ಗುಂಡು ಕಾಫಿ ಗಿಡದಲ್ಲಿ ನಿಲ್ಲುವುದಿಲ್ಲ. ತೋಟದಾಚೆ ಕಾರ್ಮಿಕರ ಲೈನು ಮನೆಗಳಿವೆ, ರಸ್ತೆಯಿದೆ.

ಕೋವಿ ಬಲ್ಲವರು ಮುಖ್ಯವಾಗಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಜೋಡು ನಳಿಗೆಯ ಕೋವಿಯನ್ನು ಮುರಿದು ನೋಡಿದರೆ ತೋಟೆ ಇದೆಯೋ ಇಲ್ಲವೋ ತಕ್ಷಣ ಕಾಣುತ್ತದೆ. ಪಿಸ್ತೂಲು ಹಾಗೆ ತೋರಿಸುವುದಿಲ್ಲ. ಒಂದು ಈಡು ಹಾರಿದೊಡನೆ ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನದನ್ನು ತಾನೇ ನಳಿಗೆಗೆ ಏರಿಸಿಕೊಳ್ಳುತ್ತದೆ. ಹಿಡಿಯೊಳಗಿನ ಮ್ಯಾಗಜಿನ್ ಹೊರಗೆ ತೆಗೆದರೂ ನಳಿಗೆಯಲ್ಲಿ ಒಂದು ತೋಟೆ ಉಳಿದೇ ಇರುತ್ತದೆ. ಖಾಲಿಯೆಂದು ನಂಬಿ ಟ್ರಿಗರ್ ಎಳೆಯುವವರ ಕೈಯಲ್ಲಿ ಅನಾಹುತವಾಗುವುದು ಈ ಒಂದು ತೋಟೆಯಿಂದಲೇ.

ಆದ್ದರಿಂದ ಖಾಲಿ ಮಾಡುವ ಕ್ರಮವನ್ನು ಬಾಯಿಪಾಠದಂತೆ ಕಲಿಯಬೇಕು. ಬಾಯಿ ಯಾರೂ ಇಲ್ಲದ ಕಡೆಗಿರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಮೊದಲು ಮ್ಯಾಗಜಿನ್ ತೆಗೆಯಬೇಕು. ಆಮೇಲೆ ಸ್ಲೈಡ್ ಹಿಂದಕ್ಕೆಳೆದು ನಳಿಗೆಯ ತೋಟೆಯನ್ನು ಹೊರಹಾಕಿ, ಒಳಗೆ ಕಣ್ಣಾರೆ ನೋಡಬೇಕು. ಈ ಕ್ರಮ ಹಿಂದುಮುಂದಾದರೆ, ಒಂದು ತೋಟೆ ಹೊರಬಿದ್ದರೂ ಮ್ಯಾಗಜಿನ್ನಿನಿಂದ ಮತ್ತೊಂದು ಏರಿ ಕೂರುತ್ತದೆ.

ಮಳೆಗಾಲವೂ ಇದಕ್ಕೆ ಶತ್ರು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚರ್ಮ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬೀಗವಿರುವ ಕಬ್ಬಿಣದ ಬೀರುವಿನಲ್ಲಿ ಇಡುವುದು ಮೇಲು. ತೋಟೆಗಳಿಗೆ ಬೇರೆ ಬೀಗ. ಬೀಗದ ಕೈ ಮಕ್ಕಳ ಕಣ್ಣಿಗೆ ಬೀಳಬಾರದು. ಬೆಳೆ ಕೈಕೊಟ್ಟೋ ಸಾಲದ ಚಿಂತೆಯಿಂದಲೋ ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿದ್ದರೆ, ಆಯುಧ ಆ ಮನೆಯಲ್ಲಿ ಇಲ್ಲದಿರುವುದೇ ಕ್ಷೇಮ.

ಇನ್ನು ತೋಟಕ್ಕೆ ಇದರ ಉಪಯೋಗವೇನು? ಕಾಡಾನೆಯನ್ನು ಬೆದರಿಸಲು ಇದರ ಸದ್ದು ಸಾಲದು, ಗರ್ನಾಲೇ ವಾಸಿ. ಹಂದಿಗೆ ತಗುಲಿದರೂ ಅದು ಗಾಯಗೊಂಡು ಮತ್ತಷ್ಟು ಅಪಾಯಕಾರಿಯಾದೀತು. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವುದು ಅಪರಾಧ.

ಕಳ್ಳರ ವಿಷಯದಲ್ಲಿಯೂ ಕಾನೂನು ಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮಿನಂತೆ, ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಲು ಅವಕಾಶವಿರುವುದು ದರೋಡೆ, ರಾತ್ರಿ ಮನೆಗೆ ಕನ್ನ ಹಾಕುವುದು ಮುಂತಾದ ಸಂದರ್ಭಗಳಲ್ಲಿ ಮಾತ್ರ. ಬರಿಯ ಕಳ್ಳತನವಾದರೆ, ಸಾವು ಅಥವಾ ತೀವ್ರ ಗಾಯದ ಭಯಕ್ಕೆ ಸಕಾರಣವಿರಬೇಕು. ಕಣದಿಂದ ಮೂಟೆ ಹೊತ್ತು ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ, ಜೈಲಿಗೆ ಹೋಗುವವರು ನಾವೇ. ಮೂಟೆ ಕಾಫಿಯನ್ನು ಮುಂದಿನ ವರ್ಷವೂ ಬೆಳೆಯಬಹುದು.

ಇಷ್ಟಾದರೂ ಕೊಳ್ಳಲು ಮನಸ್ಸು ಮಾಡುವವರು ಕೆಲವು ಸಂಗತಿ ತಿಳಿದಿರಲಿ. 2019ರ ಶಸ್ತ್ರ ತಿದ್ದುಪಡಿ ಕಾಯ್ದೆಯಿಂದ ಒಬ್ಬರಿಗೆ ಎರಡೇ ಬಂದೂಕು. ಅಜ್ಜನಿಂದ ಬಂದ ಕೋವಿಯೂ ಆ ಲೆಕ್ಕಕ್ಕೆ ಸೇರುತ್ತದೆ. ಪರವಾನಗಿಯ ಅವಧಿ ಐದು ವರ್ಷ. 2016ರ ಶಸ್ತ್ರ ನಿಯಮಗಳಂತೆ ಸುರಕ್ಷತಾ ತರಬೇತಿಯೂ ಆಗಬೇಕು. ಚುನಾವಣೆಯ ಕಾಲದಲ್ಲಿ ಠೇವಣಿ ಇಡಲು ಆದೇಶ ಬಂದರೆ ಠಾಣೆಯಿಂದ ರಸೀದಿ ಪಡೆಯಲು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 40ಕ್ಕೆ ಏರಿದೆ.

ಪಿಸ್ತೂಲು ಅಚ್ಚುಕಟ್ಟಾದ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಒಂಟಿ ಮನೆಯಲ್ಲಿದ್ದು ನಿಜವಾದ ಬೆದರಿಕೆ ಇರುವವರಿಗೆ, ಅಭ್ಯಾಸಕ್ಕೂ ಪುರುಸೊತ್ತು ಮಾಡಿಕೊಳ್ಳುವವರಿಗೆ ಅದು ತಕ್ಕದ್ದು. ಕಣ ಕಾಯಲು ಮಾತ್ರ ಬೇಕೆನ್ನುವ ಸಣ್ಣ ಬೆಳೆಗಾರರು ಅದೇ ಹಣದಲ್ಲಿ ಗಟ್ಟಿ ಬಾಗಿಲಿನ ಉಗ್ರಾಣ, ಕಣಕ್ಕೆ ಒಳ್ಳೆಯ ದೀಪ ಮಾಡಿಸಲಿ. ನೆರೆಹೊರೆಯ ನಾಲ್ಕು ಮನೆಯವರು ಸೇರಿ ಸರದಿಯಂತೆ ಕಾವಲಿದ್ದರೆ ಇನ್ನೂ ಒಳ್ಳೆಯದು. ಸಹಕಾರವೆಂದರೆ ಇದೂ ಹೌದು.

— ಕಾರ್ಯದರ್ಶಿ