ಕಲ್ಲು ಓದಿ ನೀರು ಅರಿಯುವವರು

ಪಾವಗಡ, ಮುಂಡರಗಿ, ಬಾಗೇಪಲ್ಲಿ ಸೀಮೆಯ ಅನೇಕ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ವಯಸ್ಸಾದವರ ಮಂಡಿ, ಸೊಂಟ ಬಿಗಿದುಕೊಂಡಿರುತ್ತವೆ. ಇದಕ್ಕೆ ಯಾವ ಕಾರ್ಖಾನೆಯನ್ನೂ ದೂರುವಂತಿಲ್ಲ. ಕಾರಣ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್, ಅದು ಬಂದಿರುವುದು ಕೊಳವೆಬಾವಿ ಕೊರೆದ ಬಂಡೆಯಿಂದಲೇ. ಆ ಬಂಡೆಯ ಯಾವ ಖನಿಜದಿಂದ ಬಂತು, ಈ ಊರಿನ ನೀರಿನಲ್ಲಿ ಇರುವುದು ಪಕ್ಕದೂರಿನ ನೀರಿನಲ್ಲಿ ಏಕಿಲ್ಲ ಎಂದು ಹುಡುಕುವುದನ್ನೇ ಜೀವನದ ಕೆಲಸ ಮಾಡಿಕೊಂಡವರು ನಮ್ಮ ವಿಶ್ವವಿದ್ಯಾಲಯಗಳಲ್ಲಿದ್ದಾರೆ. ಮಾನಸಗಂಗೋತ್ರಿ, ಜ್ಞಾನಭಾರತಿ, ಧಾರವಾಡ, ಶಂಕರಘಟ್ಟದ ಭೂವಿಜ್ಞಾನ ವಿಭಾಗಗಳ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಈ ಮೇಷ್ಟ್ರುಗಳ ಕೆಲಸ ಎಂಥದು ಎಂಬುದು ಅವರು ನೀರು ಪರೀಕ್ಷಿಸಿದ ಊರಿನವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಅದರ ಪಕ್ಕ ಫಲಕವಿದೆ. ಅದೇ ಬಗೆಯ ನೈಸ್ ಶಿಲೆ ದಕ್ಷಿಣ ಕರ್ನಾಟಕದ ಬಹುಪಾಲು ನೆಲದಡಿ ಹಾಸಿಕೊಂಡಿದೆ. ಅದರ ನಡುವೆ ರಾಮನಗರದಿಂದ ಬಳ್ಳಾರಿಯ ಕಡೆಗೆ ಉದ್ದಕ್ಕೆ ಸಾಗುವ ಗ್ರಾನೈಟಿನ ಪಟ್ಟೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು; ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಎರಡೂ ಕಲ್ಲುಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಜೊತೆಗೆ ನಮ್ಮವರು ಕಾಗೆಬಂಗಾರ ಎಂದು ಕರೆಯುವ ಅಭ್ರಕದ ಕಪ್ಪು ಬಗೆ, ಅಂದರೆ ಬಯೊಟೈಟ್, ಇರುತ್ತದೆ. ಹಾರ್ನ್‌ಬ್ಲೆಂಡ್ ಮತ್ತು ಅಪಟೈಟ್ ಇರುತ್ತವೆ. ಫ್ಲೋರೈಡ್ ಅಡಗಿರುವುದು ಈ ಮೂರರಲ್ಲಿ. ಈ ಖನಿಜಗಳೊಳಗೆ ಹೈಡ್ರಾಕ್ಸಿಲ್ ಕೂರುವ ಒಂದು ಜಾಗವಿದೆ. ಫ್ಲೋರೈಡಿನ ಗಾತ್ರವೂ ವಿದ್ಯುದಂಶವೂ ಅದಕ್ಕೆ ಸರಿಹೊಂದುವುದರಿಂದ ಆ ಜಾಗದಲ್ಲಿ ಇದು ಸಲೀಸಾಗಿ ಸೇರಿಕೊಂಡುಬಿಡುತ್ತದೆ.

ಮಳೆನೀರು ಮಣ್ಣಿನೊಳಗಿಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕೊಂಚ ಆಮ್ಲೀಯವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ನಿಂತು ಖನಿಜಗಳನ್ನು ನಿಧಾನವಾಗಿ ಕರಗಿಸುತ್ತದೆ. ಹೀಗೆ ನೀರಿಗಿಳಿದ ಫ್ಲೋರೈಡನ್ನು ತಡೆದು ನಿಲ್ಲಿಸುವುದು ಕ್ಯಾಲ್ಸಿಯಂ. ಎರಡೂ ಹೆಚ್ಚಾದರೆ ಫ್ಲೋರೈಟ್ ಆಗಿ ಕೂಡಿ ನೀರಿನಿಂದ ಹೊರಬೀಳುತ್ತವೆ. ಬಯಲುಸೀಮೆಯಲ್ಲಿ ಆಗುವುದೇ ಬೇರೆ. ಮಳೆ ಕಡಿಮೆ, ಬಿಸಿಲು ಜೋರು. ಕ್ಯಾಲ್ಸಿಯಂ ಎಲ್ಲ ಮಣ್ಣಿನಲ್ಲೇ ಸುಣ್ಣದ ಗಂಟಾಗಿ ಕೂತುಬಿಡುತ್ತದೆ. ನೀರಿನಲ್ಲಿ ಉಳಿಯುವುದು ಸೋಡಿಯಂ ಮತ್ತು ಬೈಕಾರ್ಬೊನೇಟ್. ಆಗ ಫ್ಲೋರೈಡಿಗೆ ತಡೆಯೇ ಇರುವುದಿಲ್ಲ.

ಈ ಕಾರಣಕ್ಕೆ ನಾಲಿಗೆಯನ್ನು ನಂಬುವಂತಿಲ್ಲ. ಬೇಳೆ ಬೇಯದ ಗಡಸು ನೀರನ್ನು ಹಳ್ಳಿಯ ಹೆಂಗಸರು ಬೈದುಕೊಂಡು ದೂರವಿಡುತ್ತಾರೆ. ಬೇಳೆ ಬೇಗ ಬೇಯುವ, ಸೋಪು ಚೆನ್ನಾಗಿ ನೊರೆ ಬರುವ ಬಾವಿಗೆ ಬಿಂದಿಗೆ ಹಿಡಿದು ಹೋಗುತ್ತಾರೆ. ಕ್ಯಾಲ್ಸಿಯಂ ಕಡಿಮೆಯಿರುವ ಆ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಒಂದೂ ಇಲ್ಲದ ಕಾರಣ ಅಳೆಯದೆ ತಿಳಿಯುವುದಿಲ್ಲ.

ಅಳೆಯುವುದಕ್ಕೂ ಶಿಸ್ತು ಬೇಕು. ಪಂಪ್ ಸ್ವಲ್ಪ ಹೊತ್ತು ಓಡಿ, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೋದ ಮೇಲೆ ಬಾಟಲಿ ಹಿಡಿಯಬೇಕು. ಪಿಎಚ್, ವಿದ್ಯುದ್ವಾಹಕತೆಯನ್ನು ಬಾವಿಯ ಬಳಿಯೇ ನೋಡಿಬಿಡಬೇಕು. ನೀರಿನಲ್ಲಿ ಕರಗಿರುವ ಅನಿಲ ಆರಿಹೋದರೆ ಪಿಎಚ್ ಬದಲಾಗುತ್ತದೆ. ಲೋಹಗಳ ಪರೀಕ್ಷೆಗೆ ಇಡುವ ಬಾಟಲಿಗೆ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಫ್ಲೋರೈಡಿನ ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಅದಕ್ಕೆ ಆಮ್ಲ ಹಾಕಬಾರದು. ಈ ಗಡಿಬಿಡಿಯ ನಡುವೆ ರೈತರು ಬಂದು, ಇಲ್ಲೇ ಎಲ್ಲಾದರೂ ನೀರಿನ ಪಾಯಿಂಟ್ ತೋರಿಸಿ ಸಾರ್ ಅನ್ನುತ್ತಾರೆ. ಸುತ್ತಿಗೆ, ದಿಕ್ಸೂಚಿ, ಕೈಯಲ್ಲಿ ಭೂತಗನ್ನಡಿ ಹಿಡಿದವರನ್ನು ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ವಿಭಾಗಕ್ಕೆ ಮರಳಿದ ಮೇಲೆ ಕಲ್ಲಿನ ಸರದಿ. ಕಲ್ಲಿನ ತುಂಡನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಇದಕ್ಕೆ ಥಿನ್ ಸೆಕ್ಷನ್ ಎನ್ನುತ್ತಾರೆ. 19ನೇ ಶತಮಾನದ ನಡುವೆ ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಬಳಕೆಗೆ ತಂದ ಈ ವಿಧಾನ ಇವತ್ತಿಗೂ ಹಳತಾಗಿಲ್ಲ. ಅಷ್ಟು ತೆಳುವಾದ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಅದನ್ನು ತಿರುಗಿಸಿದರೆ ಬಯೊಟೈಟ್ ತಿಳಿ ಹಳದಿಯಿಂದ ಗಾಢ ಕಂದಿಗೆ ಬಣ್ಣ ಬದಲಿಸುತ್ತದೆ. ಅಂಚು ಮಾಸಿ ಹಸಿರಾಗಿದ್ದರೆ ಖನಿಜ ಬದಲಾಗತೊಡಗಿದೆ ಎಂದರ್ಥ. ನೀರಿನ ವರದಿಯಲ್ಲಿ ಅಂಕಿಯಾಗಿ ಮಾತ್ರ ಕಂಡ ಫ್ಲೋರೈಡಿನ ಮೂಲ ಇಲ್ಲಿ ಕಣ್ಣಿಗೆ ಬೀಳುತ್ತದೆ. ಈ ವೃತ್ತಿಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಕೆಲಸ ಇದು. ಯಂತ್ರಗಳು ಬಂದಿವೆಯೆಂದು ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವುದು ಬಿಟ್ಟರೆ ದೊಡ್ಡ ನಷ್ಟ.

ಖನಿಜ ಬೇರೆಯಾದರೆ ನೀರಿಗಿಳಿಯುವ ವಿಷವೂ ಬೇರೆಯಾಗುತ್ತದೆ. ಯಾದಗಿರಿ ಜಿಲ್ಲೆಯಲ್ಲೇ ಇರುವ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಸುತ್ತ, ಕಿರದಳ್ಳಿ ತಾಂಡಾದಂಥ ಕಡೆ ಜನರ ಚರ್ಮದ ಮೇಲೆ ಗಂಟು, ಕಲೆ ಕಂಡವು. ಅಲ್ಲಿನ ನೀರಿನಲ್ಲಿದ್ದದ್ದು ಆರ್ಸೆನಿಕ್. ಚಿನ್ನದ ಅದಿರಿನ ಜೊತೆಗೆ ಆರ್ಸೆನೊಪೈರೈಟ್ ಎಂಬ ಖನಿಜ ಇರುವುದು ಸಾಮಾನ್ಯ. ಚಿನ್ನ ಹುಡುಕುವವರು ಮಣ್ಣಿನ ಆರ್ಸೆನಿಕ್ಕನ್ನೇ ಗುರುತಾಗಿ ಹಿಡಿದು ಹೋಗುವುದುಂಟು. ಗಾಳಿ, ನೀರು ತಗುಲಿದರೆ ಆರ್ಸೆನೊಪೈರೈಟ್ ಒಡೆದು ವಿಷ ಬಿಡುತ್ತದೆ. ಆರ್ಸೆನಿಕ್ಕಿಗಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಫ್ಲೋರೈಡಿನ ಮಿತಿಯ ನೂರನೇ ಒಂದು ಪಾಲು.

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನದು ಮನುಷ್ಯರೇ ಮಾಡಿದ ಭೂವಿಜ್ಞಾನ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಚಿನ್ನ ತೆಗೆದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳು ಉಳಿದವು. ಬಿರುಗಾಳಿಯ ಕಾಲಕ್ಕೆ ಅವುಗಳ ದೂಳು ಮನೆಗಳೊಳಗೆ ಬರುತ್ತದೆ. ಬಿಸಿಲಿಗೆ ಸೈನೈಡಿನ ಬಹುಪಾಲು ಒಡೆದುಹೋಗುತ್ತದೆ ಎಂಬುದು ನಿಜ. ಆದರೆ ನೆಲದಡಿ ಗಟ್ಟಿ ಬಂಡೆಯಾಗಿದ್ದ ಖನಿಜ ಈಗ ಹಿಟ್ಟಾಗಿ ಮಳೆಗೆ ಮೈಯೊಡ್ಡಿ ಬಿದ್ದಿದೆ. ಅದರಿಂದ ಏನು ಯಾವಾಗ ಹೊರಬರುತ್ತದೆ ಎನ್ನುವುದು ಹೆಸರಿನಲ್ಲಿರುವ ಸೈನೈಡಿಗಿಂತ ದೀರ್ಘಕಾಲದ ಪ್ರಶ್ನೆ.

ಎಂ.ಎಸ್ಸಿ. ಮುಗಿಸಿದ ಹೆಚ್ಚಿನವರು ಯುಪಿಎಸ್‌ಸಿ ಪರೀಕ್ಷೆ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೋ ಕೇಂದ್ರ ಅಂತರ್ಜಲ ಮಂಡಳಿಗೋ ಸೇರಲು ಬಯಸುತ್ತಾರೆ. ಗಣಿ ಕಂಪನಿಗಳೂ ಕರೆಯುತ್ತವೆ. ಪಿಎಚ್.ಡಿ. ಮಾಡಿ ವಿಭಾಗದಲ್ಲೇ ಉಳಿಯುವವರು ಕಡಿಮೆ, ಅವರಿಗೆ ಸಿಗುವ ಹಣವೂ ಕಡಿಮೆ. ಆದರೂ ವಿಶ್ವವಿದ್ಯಾಲಯದವರಿಗೆ ಇಲಾಖೆಯವರಿಗಿಲ್ಲದ ಒಂದು ಅನುಕೂಲವಿದೆ: ವರ್ಗಾವಣೆ ಇಲ್ಲ. ಅದೇ ತಾಲ್ಲೂಕಿನ ಅದೇ ಬಾವಿಯನ್ನು ಮಳೆಗಾಲಕ್ಕೆ ಮೊದಲೂ ನಂತರವೂ, ಒಬ್ಬ ವಿದ್ಯಾರ್ಥಿಯ ನಂತರ ಇನ್ನೊಬ್ಬರ ಕೈಯಲ್ಲಿ ವರ್ಷಗಟ್ಟಲೆ ಅಳೆಸಬಹುದು. ಅಂತರ್ಜಲದ ಬದಲಾವಣೆ ಒಂದು ಯೋಜನೆಯ ಮೂರು ವರ್ಷದ ಅವಧಿಯಲ್ಲಿ ಗೊತ್ತಾಗುವಂಥದಲ್ಲ. ಹಣ ಕೊಡುವವರು ಇದನ್ನು ಒಪ್ಪಿಕೊಳ್ಳಬೇಕು.

ಇಂಥ ದೀರ್ಘಕಾಲದ ಅಳತೆಯ ಅಗತ್ಯ ಈಗ ಕೋಲಾರದಲ್ಲಿ ಎದ್ದು ಕಾಣುತ್ತಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಅಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಒಣಗಿದ್ದ ಕೆರೆಗಳು ತುಂಬಿವೆ, ಅದು ಸಂತೋಷದ ವಿಷಯ. ಇಂಗಿದ ನೀರು ಫ್ಲೋರೈಡನ್ನು ತಗ್ಗಿಸಿತೇ, ನೈಟ್ರೇಟನ್ನೋ ಲೋಹವನ್ನೋ ಜೊತೆಗೆ ತಂದಿತೇ ಎಂಬ ಪ್ರಶ್ನೆಗೆ ಇಂದಿನ ಅಳತೆಯಷ್ಟೇ ಸಾಲದು. ಅದೇ ಬಾವಿಗಳ 2018ಕ್ಕೆ ಹಿಂದಿನ ಅಂಕಿಗಳೂ ಬೇಕು. ಹಳೆಯ ಪಿಎಚ್.ಡಿ. ಪ್ರಬಂಧಗಳ ಕೊನೆಯಲ್ಲಿರುವ ಆ ಅಂಕಿಗಳ ಕೋಷ್ಟಕಗಳನ್ನು ವಿಭಾಗಗಳು ಈಗಲೇ ಹೊರತೆಗೆದು ಕೋಲಾರದ ಪಂಚಾಯಿತಿಗಳ ಕೈಗೆ ಸಿಗುವಂತೆ ಮಾಡಬೇಕು.